ನೀರು ಹಾಕುವುದು ಸುಲಭ, ಒಣಗಿಸುವುದೇ ಕೆಲಸ



ಇವತ್ತು ನಾವು ಕಾರಿನ ಬಗ್ಗೆ ಮಾತಾಡೋಣ. "ನಮ್ಮ ಮನೆಯಲ್ಲಿ ಕಾರಿಲ್ಲ. ನಮಗೆ ಯಾಕೆ ಈ ಮಾತು?" ಅಂತ ನೀವು ಕೇಳಬಹುದು. ಕಾರು ನಮ್ಮದಲ್ಲ, ನಿಜ. ಆದರೆ ಅದನ್ನು ತೊಳೆಯುವ ಕೈ ನಮ್ಮದು. ಮನೆಗೆಲಸಕ್ಕೆ ಹೋದಲ್ಲಿ, "ಕಾರಿನ ಒಳಗೂ ಸ್ವಲ್ಪ ಒರೆಸಿಬಿಡು" ಅಂತ ಹೇಳ್ತಾರೆ. ಮನೆಯವರು ಟೆಂಪೋ ಓಡಿಸಿದರೆ, ಅದನ್ನು ತೊಳೆಯುವವರೂ ನಾವೇ. ಈ ಕೆಲಸಕ್ಕೆ ಬೇರೆ ಕೂಲಿ ಕೇಳಿದವರು ಕಡಿಮೆ. ಕೆಲಸ ಕೆಟ್ಟರೆ ಬೈಗುಳ ಮಾತ್ರ ನಮಗೆ. ಆದ್ದರಿಂದ ಈ ಕೆಲಸವನ್ನು ಸರಿಯಾಗಿ ಕಲಿಯೋಣ. ಕಲಿತ ಕೆಲಸಕ್ಕೆ ಕೂಲಿಯನ್ನೂ ಕೇಳೋಣ.

ಹಾಸಿನ ಕೆಳಗೆ ಏನಿದೆ?

ಕಾರಿನಲ್ಲಿ ಕಾಲಿಡುವ ಜಾಗದಲ್ಲಿ ಬಿಡಿ ಹಾಸು ಇರುತ್ತದೆ. ಅದು ಮ್ಯಾಟ್. ಅದನ್ನು ಹೊರಗೆ ತೆಗೆಯಬಹುದು, ತೊಳೆಯಬಹುದು. ಅದರ ಕೆಳಗೆ ಕಾರಿಗೇ ಅಂಟಿಕೊಂಡ ದಪ್ಪ ಹಾಸು ಇದೆ. ಅದು ಕಾರ್ಪೆಟ್. ಅದನ್ನು ತೆಗೆಯಲು ಸೀಟು ಬಿಚ್ಚಬೇಕು. ಅದು ಗ್ಯಾರೇಜಿನವರ ಕೆಲಸ.

ಕಾರ್ಪೆಟಿನ ಕೆಳಗೆ ಹಾಸಿಗೆಯಂಥ ಮೆತ್ತೆ ಇದೆ. ಮೆತ್ತೆಯ ಕೆಳಗೆ ಕಬ್ಬಿಣದ ತಗಡು. ನಡುವೆ ಕರೆಂಟಿನ ತಂತಿಗಳು. ಒಂದು ಕೊಡ ನೀರು ಸುರಿದರೆ ಏನಾಗುತ್ತದೆ? ಮೇಲಿನ ಬಟ್ಟೆ ಬೇಗ ಒಣಗುತ್ತದೆ. ಒಳಗಿನ ಮೆತ್ತೆ ಒಣಗುವುದಿಲ್ಲ. ನಾವು ಬಾಗಿಲು ಹಾಕಿ ಬರುತ್ತೇವೆ. ಕೆಲವೇ ದಿನಗಳಲ್ಲಿ ಮುಗ್ಗಲು ವಾಸನೆ ಏಳುತ್ತದೆ. ಬೂಷ್ಟು ಹಿಡಿಯುತ್ತದೆ. ನಿಧಾನಕ್ಕೆ ತಗಡಿಗೆ ತುಕ್ಕು ಬರುತ್ತದೆ. ಆಯುಧ ಪೂಜೆಯ ದಿನ ಪೈಪು ಹಿಡಿದು ಒಳಗೂ ಹೊರಗೂ ತೊಳೆಯುವವರು ಇದ್ದಾರೆ. ಹೊರಗೆ ಪೈಪು ಸರಿ. ಒಳಗೆ ಬೇಡ.

ನಮ್ಮದು ಮಳೆಯ ಊರು. ಈ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆ ನೀರು ಹರಿಯದೆ ನಿಂತರೆ ಇಬ್ಬರು ಹೆಂಗಸರು ಒಬ್ಬರ ಮೇಲೊಬ್ಬರು ನಿಂತಷ್ಟು ಎತ್ತರ! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಇಲ್ಲಿ ತೊಳೆಯುವುದು ಅರ್ಧ ಕೆಲಸ. ಒಣಗಿಸುವುದು ಇನ್ನರ್ಧ.

ಮೂರು ಊರು, ಮೂರು ಕೊಳೆ

ಭಟ್ಕಳದ ಎಷ್ಟೋ ಮನೆಯವರು ಗಲ್ಫ್ ದೇಶಗಳಲ್ಲಿ ದುಡಿಯುತ್ತಾರೆ. ಅವರ ಕೆಲವು ಕಾರು ಮಳೆಗಾಲವಿಡೀ ಬಾಗಿಲು ಹಾಕಿ ನಿಂತಿರುತ್ತವೆ. ಅಲ್ಲಿಯ ಕೊಳೆ ಬೂಷ್ಟು.

ಹೊನ್ನಾವರದಲ್ಲಿ ಬಂದರಿನಿಂದ ಮೀನು ಟೆಂಪೋ ಹತ್ತುತ್ತದೆ. ಬುಟ್ಟಿಯ ನೀರು ಕೆಳಗೆ ಸೋರುತ್ತದೆ. ಅಲ್ಲಿಯದು ಮೀನಿನ ವಾಸನೆ.

ಕುಮಟಾ ತಾಲೂಕಿನಲ್ಲಿ ಗೋಕರ್ಣ ಇದೆ. ಕಡಲಲ್ಲಿ ಆಡಿ ಬಂದವರು ಒದ್ದೆ ಕಾಲಲ್ಲೇ ಕಾರು ಹತ್ತುತ್ತಾರೆ. ಅಲ್ಲಿಯದು ಮರಳು ಮತ್ತು ಉಪ್ಪು.

ಕೊಳೆ ಬೇರೆಯಾದರೆ ಮದ್ದೂ ಬೇರೆ. ಆದರೆ ಶುರು ಮಾಡುವ ಕ್ರಮ ಒಂದೇ.

ಕೆಲಸದ ಕ್ರಮ

1. ಎಲ್ಲಾ ಬಾಗಿಲು ತೆರೆಯಿರಿ. ಒಳಗಿನ ಸಾಮಾನು ತೆಗೆದು ಒಂದು ಕಡೆ ಇಡಿ. ಸೀಟಿನಡಿ ನಾಣ್ಯ, ಉಂಗುರ, ಕಾಗದ ಸಿಗಬಹುದು. ಸಿಕ್ಕಿದ್ದನ್ನು ಆಗಲೇ ಮನೆಯವರ ಕೈಗೆ ಕೊಡಿ. ಕಾಗದವನ್ನು ಓದದೆ ಎಸೆಯಬೇಡಿ. ಅದು ವಿಮೆಯ ಕಾಗದ ಇರಬಹುದು.

2. ಮೊದಲು ಒಣ ಕೆಲಸ. ಮ್ಯಾಟನ್ನು ಕಲ್ಲಿಗೆ ಬಡಿದು ಧೂಳು ತೆಗೆಯಿರಿ. ಕಾರ್ಪೆಟನ್ನು ಗಟ್ಟಿ ಬ್ರಶ್ಶಿನಿಂದ ತಿಕ್ಕಿ ಮರಳನ್ನು ಮೇಲೆ ಎಬ್ಬಿಸಿ. ಧೂಳು ಹೀರುವ ಯಂತ್ರ ಇದ್ದರೆ ಒಳ್ಳೇದು. ಇಲ್ಲದಿದ್ದರೆ ಸಣ್ಣ ಕಸಬರಿಗೆ ಸಾಕು. ಮರಳು ಇರುವಾಗಲೇ ನೀರು ಹಾಕಿದರೆ ಅದು ಕೆಸರಾಗಿ ಒಳಗೆ ಇಳಿಯುತ್ತದೆ.

3. ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ 5 ಲೀಟರ್ ನೀರು, 2 ಚಮಚ ಶಾಂಪೂ. ಇನ್ನೊಂದರಲ್ಲಿ ಬರೀ ನೀರು. ಸೀಟಿನಡಿಯ ಮೂಲೆಯಲ್ಲಿ ಸ್ವಲ್ಪ ಹಚ್ಚಿ, ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ನಿಲ್ಲಿಸಿ.

4. ಶಾಂಪೂ ನೀರನ್ನು ಕದಡಿ ನೊರೆ ಎಬ್ಬಿಸಿ. ಬ್ರಶ್ಶಿಗೆ ನೊರೆ ಮಾತ್ರ ತೆಗೆದುಕೊಳ್ಳಿ. ಒಂದು ಸಲಕ್ಕೆ ಒಂದು ಮೊರದಷ್ಟು ಜಾಗ ತಿಕ್ಕಿ. ಕೂಡಲೇ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ. ಆಮೇಲೆ ಒಣ ಬಟ್ಟೆ ಹಾಕಿ, ಅಂಗೈಯಿಂದ ಒತ್ತಿ ನೀರು ಹೀರಿಸಿ. ಮುಗಿದ ಮೇಲೆ ಪಕ್ಕದ ಜಾಗ.

ಸೀಟಿನಡಿ ಹಳದಿ ಬಣ್ಣದ ತಂತಿಯ ಗಂಟು ಕಂಡರೆ ಮುಟ್ಟಬೇಡಿ, ಎಳೆಯಬೇಡಿ. ಅಪಘಾತದಲ್ಲಿ ಜೀವ ಉಳಿಸುವ ಗಾಳಿಚೀಲದ ತಂತಿ ಅದು.

ಕೊಳೆಗೆ ತಕ್ಕ ಮದ್ದು

ಮೀನಿನ ನೀರಿಗೆ ಬಿಸಿನೀರು ಬೇಡ. ಮೊಟ್ಟೆ ಬೆಂದು ಗಟ್ಟಿಯಾಗುತ್ತದೆ ಅಲ್ವಾ? ಹಾಗೆಯೇ ಮೀನಿನ ರಕ್ತವೂ ಬಿಸಿಗೆ ಗಟ್ಟಿಯಾಗಿ ಅಂಟುತ್ತದೆ. ತಣ್ಣೀರು ಸಾಕು. ಮೀನು ಹೆಚ್ಚಿದ ಕೈಗೆ ನಾವು ಹುಣಸೆ, ಲಿಂಬೆ ತಿಕ್ಕುತ್ತೇವೆ. ಹುಳಿಗೆ ಆ ವಾಸನೆ ಮಣಿಯುತ್ತದೆ. ಆದರೆ ಹುಣಸೆ ಇಲ್ಲಿ ಕಲೆ ಬಿಡುತ್ತದೆ. ಒಂದು ಲೋಟ ಬಿಳಿ ವಿನೇಗರಿಗೆ ಎರಡು ಲೋಟ ನೀರು ಬೆರೆಸಿ, ಬಟ್ಟೆ ಅದ್ದಿ ಹಿಂಡಿ ಒರೆಸಿ.

ಉಪ್ಪುನೀರು ಬಿದ್ದ ಕಾರ್ಪೆಟ್ ಎಷ್ಟು ಬಿಸಿಲಿಗಿಟ್ಟರೂ ಮತ್ತೆ ಜಿಗುಟಾಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒದ್ದೆಯಾಗುವುದನ್ನು ನಾವು ನೋಡಿದ್ದೇವೆ. ಉಪ್ಪು ಗಾಳಿಯ ನೀರನ್ನು ಎಳೆಯುತ್ತದೆ. ಅದಕ್ಕೇ ಉಪ್ಪು ಹೋಗುವ ತನಕ ಸಿಹಿನೀರಿನ ಬಟ್ಟೆಯಿಂದ ಮೂರು ನಾಲ್ಕು ಸಲ ಒರೆಸಬೇಕು.

ಬೂಷ್ಟನ್ನು ಒಣದಾಗಿ ಗುಡಿಸಬೇಡಿ. ಅದರ ಪುಡಿ ಗಾಳಿಯಲ್ಲಿ ಹಾರಿ ಎದೆಯೊಳಗೆ ಹೋಗುತ್ತದೆ. ದಮ್ಮು ಇದ್ದವರು ಈ ಕೆಲಸ ಮಾಡಲೇ ಬಾರದು. ಉಳಿದವರು ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ಕಾರನ್ನು ಬಯಲಲ್ಲಿ ನಿಲ್ಲಿಸಿ, ಮೊದಲು ಒದ್ದೆ ಬಟ್ಟೆಯಿಂದ ಒರೆಸಿ. ಮೆತ್ತೆಗೇ ಬೂಷ್ಟು ಇಳಿದಿದ್ದರೆ ಮೇಲಿಂದ ತಿಕ್ಕಿ ಫಲ ಇಲ್ಲ. "ಇದನ್ನು ಬಿಚ್ಚಿಸಬೇಕು. ನೀರು ಎಲ್ಲಿಂದ ಸೋರುತ್ತದೆ ನೋಡಿಸಿ" ಅಂತ ಮನೆಯವರಿಗೆ ಹೇಳಿ. ಬಾಗಿಲಿನ ರಬ್ಬರು ಹರಿದಿರಬಹುದು. ಏಸಿಯ ನೀರು ಹೋಗುವ ಕೊಳವೆ ಕಟ್ಟಿರಬಹುದು.

ಜೀವಕ್ಕೆ ಕುತ್ತು ಬಾರದಿರಲಿ

ಈ ಮಾತನ್ನು ಎರಡು ಸಲ ಓದಿ.

ಬ್ಲೀಚಿಂಗ್ ಪುಡಿಗೆ ಆಸಿಡ್ ಬೆರೆಸಬಾರದು. ವಿನೇಗರ್ ಕೂಡ ಬೆರೆಸಬಾರದು. ಬೆರೆಸಿದರೆ ಕ್ಲೋರಿನ್ ಎಂಬ ವಿಷಗಾಳಿ ಏಳುತ್ತದೆ. ಕಾರು ಸಣ್ಣ ಡಬ್ಬಿಯಂಥ ಜಾಗ. ಅದರೊಳಗೆ ತಲೆ ಹಾಕಿದವರಿಗೆ ಉಸಿರೇ ಕಟ್ಟುತ್ತದೆ. ಹಾಗೇನಾದರೂ ಆದರೆ ಎಲ್ಲವನ್ನೂ ಅಲ್ಲೇ ಬಿಟ್ಟು ಹೊರಗೆ ಓಡಿ. ಗಾಳಿ ಇರುವಲ್ಲಿ ನಿಲ್ಲಿ. ಆಸ್ಪತ್ರೆಗೆ ಹೋಗಿ.

ಲಾರಿಯ ಕ್ಯಾಬಿನ್ನಿನಲ್ಲಿ ಗ್ರೀಸ್ ಕಲೆ ಇದ್ದರೆ ಪೆಟ್ರೋಲ್, ಸೀಮೆಎಣ್ಣೆ ಹಾಕಬೇಡಿ. ಒಂದು ಬೀಡಿಯ ಕಿಡಿ ಸಾಕು, ಬೆಂಕಿ ಹತ್ತುತ್ತದೆ. ಶಾಂಪೂ ನೊರೆಯನ್ನೇ ಎರಡು ಮೂರು ಸಲ ಹಚ್ಚಿ.

ಯಾರೋ ತಂಪು ಪಾನೀಯದ ಬಾಟಲಿಯಲ್ಲಿ ಏನೋ ತುಂಬಿ ಕೊಟ್ಟು, "ಇದನ್ನು ಹಾಕಿ ತಿಕ್ಕು" ಅಂದರೆ ಬೇಡ ಅನ್ನಿ. ಚೀಟಿ ಇಲ್ಲದ ಬಾಟಲಿ ಮುಟ್ಟಬೇಡಿ. ಚೀಟಿ ಇದ್ದರೆ ಓದಿ. ಅದು ಇಂಗ್ಲಿಷಿನಲ್ಲಿದ್ದರೆ, ಓದಿ ಹೇಳಿ ಅಂತ ಕೇಳಿ. ಕೇಳುವುದಕ್ಕೆ ನಾಚಿಕೆ ಯಾಕೆ? ಕೈ ನಮ್ಮದು, ಉಸಿರು ನಮ್ಮದು.

ಒಣಗಿತೋ ಇಲ್ಲವೋ?

ಬಿಸಿಲಿದ್ದರೆ ಬಾಗಿಲು ತೆರೆದು ಇಡೀ ದಿನ ಬಿಡಿ. ಮಳೆಗಾಲದಲ್ಲಿ ಮಾಡಿನ ಕೆಳಗೆ ನಿಲ್ಲಿಸಿ, ಟೇಬಲ್ ಫ್ಯಾನ್ ಹಚ್ಚಿ. ಫ್ಯಾನಿನ ವಯರು ನೀರಿಗೆ ತಾಗದಿರಲಿ. ಆಮೇಲೆ ಹಳೆ ಪೇಪರನ್ನು ಮಡಚಿ ಕಾರ್ಪೆಟಿನ ಮೇಲೆ ಇಡಿ. ಮೇಲೊಂದು ಕಲ್ಲು ಹೇರಿ. ಕಾಲು ಗಂಟೆ ಬಿಟ್ಟು ತೆಗೆದು ನೋಡಿ. ಪೇಪರ್ ತಣ್ಣಗೆ, ಮೆತ್ತಗೆ ಆಗಿದ್ದರೆ ಇನ್ನೂ ಒಣಗಿಲ್ಲ. ಬಾಗಿಲು ಹಾಕಬೇಡಿ. ದೊಡ್ಡ ಕೆಲಸವನ್ನು ಮಳೆಗೆ ಮೊದಲು ಮೇ ತಿಂಗಳಲ್ಲಿ, ಮಳೆ ಬಿಟ್ಟ ಮೇಲೆ ಒಮ್ಮೆ ಮಾಡಿದರೆ ಚಲೋ.

ಕೂಲಿಯ ಲೆಕ್ಕ

"ಒರೆಸುವುದಕ್ಕೆ ಎಂಥ ಕೂಲಿ?" ಅಂತ ಕೇಳುವವರಿಗೆ ಲೆಕ್ಕ ತೋರಿಸೋಣ. ಶಾಂಪೂ, ವಿನೇಗರ್, ಬಟ್ಟೆಗೆ 60 ರೂಪಾಯಿ. ಗಂಟೆಗೆ 80 ರೂಪಾಯಿಯಂತೆ 5 ಗಂಟೆಗೆ 400 ರೂಪಾಯಿ. ಒಟ್ಟು 460 ರೂಪಾಯಿ. ಇದು ಲೆಕ್ಕ ಕಲಿಯಲು ಹಾಕಿದ ಸಂಖ್ಯೆ. ನಿಮ್ಮ ಊರಿನ ದರವನ್ನು ಸಂಘದಲ್ಲಿ ಕೂತು ನೀವೇ ನಿಶ್ಚಯ ಮಾಡಿ. ಎಲ್ಲರೂ ಒಂದೇ ದರ ಹೇಳಿ. ಒಣಗಿಸಲು ಕಾದ ಹೊತ್ತನ್ನೂ ಸೇರಿಸಿ. ಅದೂ ಕೆಲಸವೇ.

ಪುಸ್ತಕದಲ್ಲಿ ತಾರೀಖು, ಗಾಡಿಯ ಸಂಖ್ಯೆ, ಮೊದಲೇ ಇದ್ದ ಕಲೆ, ಬಂದ ಹಣ ಬರೆದಿಡಿ. ಹೊನ್ನಾವರದಲ್ಲಿ ನೋಂದಣಿಯಾದ ಗಾಡಿಯ ಸಂಖ್ಯೆ ಕೆಎ 47 ಅಂತ ಶುರುವಾಗುತ್ತದೆ. ಕೆಲಸ ಶುರು ಮಾಡುವ ಮೊದಲೇ ಹಳೆ ಕಲೆಯನ್ನು ಮನೆಯವರಿಗೆ ತೋರಿಸಿ. ನಾಳೆ "ಈ ಕಲೆ ನೀನೇ ಮಾಡಿದ್ದು" ಅಂದರೆ, ನಿಮ್ಮ ಬರಹವೇ ಉತ್ತರ ಹೇಳುತ್ತದೆ.

ಮಾತಾಡಿ, ಬರೆಯಿರಿ

1. ಕಾರಿನ ಒಳಗೆ ಪೈಪಿನಿಂದ ಯಾಕೆ ನೀರು ಹಾಕಬಾರದು?
2. ಯಾವ ಯಾವುದನ್ನು ಒಟ್ಟಿಗೆ ಬೆರೆಸಬಾರದು?
3. ನಿಮ್ಮ ಮನೆಯ ಒಂದು ಬಾಟಲಿಯ ಚೀಟಿ ಓದಿ. ಅದರಲ್ಲಿರುವ ಎಚ್ಚರಿಕೆಯ ಮಾತನ್ನು ಬರೆಯಿರಿ.
4. ಗಂಟೆಗೆ 90 ರೂಪಾಯಿಯಂತೆ 4 ಗಂಟೆಗೆ ಎಷ್ಟು ಕೂಲಿ?