ಕಡಲೆ ಹೊಲದಿಂದ ಜಪಾನಿನವರೆಗೆ

ಕುಕನೂರಿನ ಸುತ್ತಲಿನ ಎರೆಹೊಲಗಳಲ್ಲಿ ಹಿಂಗಾರಿ ಕಡಲೆ ನೆಲದ ಹಸಿ ನಂಬಿಯೇ ಬೆಳೆಯುತ್ತದೆ. ನಸುಕಿನಲ್ಲಿ ಗಿಡಗಳ ಮೇಲೆ ಬಟ್ಟೆ ಹಾಸಿ, ಇಬ್ಬನಿಯೊಡನೆ ಹುಳಿ ಹಿಂಡಿಕೊಳ್ಳುವ ಜಾಣ್ಮೆ ನಮ್ಮವರದು. ಆದರೆ ರಾಶಿಯಾದ ಕಾಳು ಬಹುಪಾಲು ಕಾಳಾಗಿಯೇ ಮಾರಾಟವಾಗುತ್ತದೆ. ಬೇಳೆ, ಹಿಟ್ಟಿನ ಲಾಭ ಬೇರೆಯವರ ಪಾಲು.

ಬೆಳೆದದ್ದಕ್ಕೆ ತಮ್ಮಲ್ಲೇ ರೂಪ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಜಪಾನಿನಲ್ಲಿ ನೋಡಬಹುದು. ಆ ದೇಶ ಎದ್ದು ನಿಂತದ್ದೂ ರೈತನ ಹೆಗಲ ಮೇಲೆಯೇ. 1873ರ ಭೂಕಂದಾಯ ಅಲ್ಲಿನ ಖಜಾನೆ ತುಂಬಿಸಿತು. ಆ ಭಾರ ತಾಳದೆ ಹಳ್ಳಿಗರು ದಂಗೆಯೆದ್ದರು. 1877ರಲ್ಲಿ ದರ ಶೇ. 3ರಿಂದ 2.5ಕ್ಕೆ ಇಳಿಯಿತು. ರೈತರ ಮೇಲೆ ಹೊರಿಸಿದ ಆ ಭಾರ ಅನ್ಯಾಯವೇ, ಮರೆಯಬಾರದು. ಆದರೆ ರೈತರ ಮನೆಯ ರೇಷ್ಮೆಗೂಡು ಅಲ್ಲಿಯ ಗಿರಣಿಗಳಲ್ಲೇ ನೂಲಾಗಿ ಹಡಗು ಹತ್ತಿತು. ಆ ಗಳಿಕೆಯಿಂದ ಯಂತ್ರಗಳು ಬಂದವು.

ನಮ್ಮಲ್ಲಿ 1974ರ ಭೂಸುಧಾರಣೆ ಉಳುವವನಿಗೆ ನೆಲ ಕೊಟ್ಟಿತು. ಮುಂದಿನ ಹೆಜ್ಜೆ ನಮ್ಮದೇ. ಈ ಸಲ ರಾಶಿ ಮಾಡಿದ ಮೇಲೆ ನಾಲ್ಕು ಮನೆಯವರು ಕೂಡಿ, ಒಂದಿಷ್ಟು ಕಡಲೆಯನ್ನಾದರೂ ಬೇಳೆ ಮಾಡಿಸಿ ಮಾರಿ ನೋಡಿ.