ಮುರಿದ ಹಲ್ಲು ನೋಯುವ ತನಕ ಕಾಯಬೇಡಿ
(ಕಾಗವಾಡ ಭಾಗದ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತು)



ನಾವು ಬಂದಾಗಲೆಲ್ಲ ಉಳಿತಾಯ, ಸಾಲ, ಪಾಸ್‌ಬುಕ್ಕು, ನಡಾವಳಿ ಪುಸ್ತಕ ಇವುಗಳ ಮೇಲೆಯೇ ಮಾತಾಡುತ್ತೇವೆ. ಇವತ್ತು ಹಲ್ಲಿನ ಬಗ್ಗೆ, ಅದರಲ್ಲೂ ಮುರಿದ ಹಲ್ಲಿನ ಬಗ್ಗೆ ಮಾತಾಡೋಣ. "ಹಲ್ಲಿನ ಮ್ಯಾಲೂ ಭಾಷಣಾ ಏನ್ರಿ ಅಕ್ಕಾರ?" ಎಂದು ಹಿಂದೆ ಯಾರೋ ನಕ್ಕದ್ದು ಕೇಳಿಸಿತು. ನಗ್ರಿ, ಅಡ್ಡಿಯಿಲ್ಲ. ಆದರೆ ಈ ವಿಷಯ ಆರಿಸಿಕೊಳ್ಳಲು ನಮಗೆ ಒಂದು ಕಾರಣವಿದೆ.

ನಮ್ಮ ಒಂದು ಸಂಘದ ಸದಸ್ಯೆ, ಹೆಸರು ಬೇಡ, ಕಬ್ಬು ಕಡಿಯುವ ಸುಗ್ಗಿಯಲ್ಲಿ ಗದ್ದೆಯ ಬದುವಿನ ಮೇಲೆ ಕುಳಿತು ಕಬ್ಬು ಸಿಗಿಯುತ್ತಿದ್ದರು. ಗೆಣ್ಣಿನ ಮೇಲೆ ಜೋರಾಗಿ ಕಚ್ಚಿದಾಗ ದವಡೆ ಹಲ್ಲಿನ ಅರ್ಧ ಚೂರು ಕಬ್ಬಿನ ಜೊತೆಗೇ ಬಂತು. ರಕ್ತ ಬರಲಿಲ್ಲ, ನೋಯಲೂ ಇಲ್ಲ. ಚೂರು ಉಗುಳಿ ಮತ್ತೆ ಕೆಲಸಕ್ಕೆ ಎದ್ದರು. ಒಂದೆರಡು ವಾರ ತಣ್ಣೀರು ಕುಡಿದರೆ ಚುಳ್ ಅನ್ನುತ್ತಿತ್ತು, ಆ ಮಗ್ಗುಲಲ್ಲಿ ಅಗಿಯುವುದನ್ನು ಬಿಟ್ಟರು. ಮುಂದೆ ರಾತ್ರಿ ನೋವು ಶುರುವಾಯಿತು, ಅಂಗಡಿಯ ಗುಳಿಗೆ ನುಂಗಿದರು. ಆಮೇಲೆ ನೋವು ತಾನಾಗಿಯೇ ನಿಂತಿತು. "ಆರಾಮ ಆತು" ಅಂದುಕೊಂಡರು. ಯುಗಾದಿ ಹೊತ್ತಿಗೆ ಕೆನ್ನೆ ಊದಿ ಕಣ್ಣು ಮುಚ್ಚಿತು, ಬಾಯಿ ಎರಡು ಬೆರಳಿನಷ್ಟೂ ತೆರೆಯದಾಯಿತು, ಜ್ವರ ಏರಿತು. ಆಡು ಕೊಳ್ಳಲೆಂದು ಸಂಘದಿಂದ ತೆಗೆದ ಸಾಲ ಆಸ್ಪತ್ರೆಗೆ ಹೋಯಿತು. ಹಲ್ಲೂ ಹೋಯಿತು. ಮುರಿದ ವಾರದಲ್ಲೇ ತೋರಿಸಿದ್ದರೆ ಬಹುಶಃ ಅದೇ ಹಲ್ಲಿನಲ್ಲಿ ಇವತ್ತೂ ರೊಟ್ಟಿ ಅಗಿಯುತ್ತಿದ್ದರು.

ಇದರಲ್ಲಿ ಅವರ ತಪ್ಪು ಏನೂ ಇಲ್ಲ. ನೋವಿಲ್ಲ ಅಂದರೆ ರೋಗವಿಲ್ಲ ಎಂದು ನಾವೆಲ್ಲರೂ ತಿಳಿದಿದ್ದೇವೆ. ಹಲ್ಲಿನ ವಿಷಯದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಯಾಕೆ ಅಂತ ನೋಡೋಣ.

ಹಲ್ಲಿಗೆ ಮೂರು ಪದರು. ಹೊರಗಿನದು ಎನಾಮೆಲ್, ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ಆದರೆ ಅದಕ್ಕೆ ಜೀವವಿಲ್ಲ. ಕೈಯ ಎಲುಬು ಮುರಿದರೆ ಕೂಡುತ್ತದೆ, ಎನಾಮೆಲ್ ಮುರಿದರೆ ಕೂಡುವುದಿಲ್ಲ, ಬೆಳೆಯುವುದೂ ಇಲ್ಲ. ಅದರ ಒಳಗೆ ಡೆಂಟಿನ್ ಎಂಬ ಹಳದಿ ಪದರು. ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ಕೊಳವೆಗಳಿವೆ, ತಣ್ಣೀರು ತಾಗಿದಾಗ ಚುಳ್ ಅನ್ನುವುದು ಅಲ್ಲಿಂದಲೇ. ಎಲ್ಲಕ್ಕೂ ಒಳಗೆ ನರ, ರಕ್ತನಾಳಗಳಿರುವ ಮೆತ್ತಗಿನ ಭಾಗ, ಅದು ಬೇರಿನ ತುದಿಯವರೆಗೆ ಇಳಿದಿರುತ್ತದೆ. ಹಲ್ಲು ಮುರಿದಾಗ ಬಾಯಲ್ಲಿರುವ ಕ್ರಿಮಿಗಳಿಗೆ ಬಾಗಿಲು ತೆರೆದಂತೆ. ಅವು ನಿಧಾನವಾಗಿ ನರದವರೆಗೆ ಹೋಗುತ್ತವೆ. ಆಗ ನೋವು ಬರುತ್ತದೆ. ನರ ಸತ್ತ ಮೇಲೆ ನೋವು ನಿಲ್ಲುತ್ತದೆ. ಆ ಸಹೋದರಿ "ಆರಾಮ ಆತು" ಅಂದುಕೊಂಡದ್ದು ಈ ಹೊತ್ತನ್ನೇ. ರೋಗ ಹೋಗಿರಲಿಲ್ಲ, ಬೇರಿನ ತುದಿಯಲ್ಲಿ ಕೀವು ಕಟ್ಟುತ್ತಿತ್ತು.

ಇನ್ನು ಹಲ್ಲು ಯಾಕೆ ಮುರಿಯುತ್ತದೆ? ನಮ್ಮದು ಕೃಷ್ಣಾ ನದಿಯ ಕಬ್ಬಿನ ಸೀಮೆ. ಉಗಾರದ ಕಾರ್ಖಾನೆ ಶುರುವಾಯಿತು ಅಂದರೆ ದಾರಿಯ ತುಂಬ ಕಬ್ಬಿನ ಗಾಡಿ, ಮಕ್ಕಳ ಕೈಯಲ್ಲೆಲ್ಲ ಕಬ್ಬು. ಕಬ್ಬು ತಿನ್ನಬೇಡಿ ಎಂದು ಹೇಳಲು ನಾವು ಬಂದಿಲ್ಲ, ಹೇಳಿದರೆ ನೀವು ಕೇಳುವವರೂ ಅಲ್ಲ. ಕುಡುಗೋಲಿನಿಂದ ಸಿಪ್ಪೆ ತೆಗೆದು, ಗೆಣ್ಣು ಕತ್ತರಿಸಿ ತಿನ್ನಿ, ತಿಂದ ಮೇಲೆ ಬಾಯಿ ಮುಕ್ಕಳಿಸಿ. ಅಡಿಕೆ, ಜೋಳದಲ್ಲಿ ಉಳಿದ ಹರಳು, ಗಟ್ಟಿ ಕಟಕ ರೊಟ್ಟಿ, ಇವುಗಳಿಂದಲೂ ಮುರಿಯುತ್ತದೆ. ಹೊಲಿಗೆ ಮಾಡುವ ಸಹೋದರಿಯರು ದಾರವನ್ನು ಹಲ್ಲಿನಿಂದ ಕಡಿಯುತ್ತೀರಿ, ಟಾಚಣಿ ಹಲ್ಲಲ್ಲಿ ಹಿಡಿಯುತ್ತೀರಿ. ಮುಂದಿನ ಹಲ್ಲಿನ ಅಂಚು ಒಡೆಯುವುದು ಹೀಗೆಯೇ. ಹುಳುಕು ತಿಂದು ಒಳಗೆ ಪೊಳ್ಳಾದ ಹಲ್ಲು ಅನ್ನ ತಿನ್ನುವಾಗಲೂ ಮುರಿದೀತು.

ಮಿಶ್ರಿಯ ಮಾತನ್ನೂ ಆಡಲೇಬೇಕು. ನಿಪ್ಪಾಣಿ ಕಡೆಯ ತಂಬಾಕು ಪ್ರಸಿದ್ಧ, ಅದನ್ನು ಹುರಿದು ಕರಿ ಪುಡಿ ಮಾಡಿ ಹಲ್ಲಿಗೆ ತಿಕ್ಕುವ ರೂಢಿ ಗಡಿಯ ಎರಡೂ ಮಗ್ಗುಲ ಹೆಂಗಸರಲ್ಲಿ ಇದೆ. ಬೆಳಿಗ್ಗೆ ಒಮ್ಮೆ ಅಂತ ಶುರುವಾಗಿ, ಮಧ್ಯಾಹ್ನಕ್ಕೊಮ್ಮೆ, ರಾತ್ರಿಗೊಮ್ಮೆ ಆಗುತ್ತದೆ. "ಮಿಶ್ರಿ ಹಚ್ಚಿದ್ರ ಹಲ್ಲು ಗಟ್ಟಿ ಅಕ್ಕಾವು" ಅನ್ನುವುದು ಸುಳ್ಳು. ಅದರಿಂದ ವಸಡು ಕೆಳಗೆ ಸರಿದು ಬೇರು ಬಯಲಾಗುತ್ತದೆ, ಬೇರಿನ ಮೇಲೆ ಎನಾಮೆಲ್ ಇರುವುದಿಲ್ಲ, ಅಲ್ಲಿ ಸವೆದು ಹಲ್ಲು ಬುಡದಲ್ಲೇ ಮುರಿಯಬಹುದು. ತಂಬಾಕು ಬೆರೆಸಿದ ಹಲ್ಲುಪುಡಿ, ಪೇಸ್ಟುಗಳ ತಯಾರಿಕೆ ಮತ್ತು ಮಾರಾಟವನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಮನೆಯ ಹಂಚಿನ ಮೇಲೆ ಹುರಿಯುವುದನ್ನು ನಿಲ್ಲಿಸಲು ಮಾತ್ರ ಯಾವ ಸರ್ಕಾರವೂ ಬರುವುದಿಲ್ಲ, ನಾವೇ ನಿಲ್ಲಿಸಬೇಕು.

ಈಗ ಹೇಳುವ ಕಾರಣವನ್ನು ಯಾವ ಆರೋಗ್ಯ ಶಿಬಿರದಲ್ಲೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮುಂದಿನ ಹಲ್ಲು ಮುರಿದುಕೊಂಡು ಬಂದ ಹೆಂಗಸನ್ನು ಏನಾಯಿತು ಎಂದು ಕೇಳಿದರೆ "ಬಚ್ಚಲದಾಗ ಜಾರಿ ಬಿದ್ನಿರಿ" ಅನ್ನುತ್ತಾಳೆ. ಕೆಲವರು ನಿಜವಾಗಿಯೂ ಬಿದ್ದಿರುತ್ತಾರೆ. ಆದರೆ ತುಟಿ ಒಡೆದು, ಕಣ್ಣಿನ ಕೆಳಗೆ ಕಪ್ಪಾಗಿ, ಹಲ್ಲು ಮುರಿದು, ಅದೇ ಹೆಂಗಸು ವರ್ಷದಲ್ಲಿ ಎರಡು ಸಲ ಬಚ್ಚಲಿನಲ್ಲಿ ಜಾರಿದರೆ, ಪಕ್ಕದಲ್ಲಿ ಕೂಡುವ ಗೆಳತಿಯರಿಗೆ ಎಲ್ಲಾ ತಿಳಿದಿರುತ್ತದೆ. ನಾವು ಸುಮ್ಮನಿರುತ್ತೇವೆ.

ಒಂದು ಮಾತು ತಿಳಿದಿರಲಿ. ಹೊಡೆದು ಹಲ್ಲು ಮುರಿಯುವುದು ಅಥವಾ ಅಲ್ಲಾಡಿಸುವುದು ಕಾನೂನಿನ ಕಣ್ಣಿನಲ್ಲಿ ಸಣ್ಣ ಪೆಟ್ಟಲ್ಲ, ಎಲುಬು ಮುರಿದಷ್ಟೇ ತೀವ್ರವಾದ ಗಾಯ. ಹಳೆಯ ಭಾರತೀಯ ದಂಡ ಸಂಹಿತೆಯ 320ನೇ ಕಲಮಿನಲ್ಲಿ ಹಾಗಿತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲೂ ಹಾಗೆಯೇ ಇದೆ. ಬೇಕೆಂದೇ ಮಾಡಿದವನಿಗೆ ಏಳು ವರ್ಷದವರೆಗೆ ಶಿಕ್ಷೆ ಆಗಬಹುದು. ಗಂಡನಿಗೊಂದು, ಹೊರಗಿನವನಿಗೊಂದು ಎಂದು ಅದರಲ್ಲಿ ಬೇರೆ ಬೇರೆ ಇಲ್ಲ. ಆದ್ದರಿಂದ ಡಾಕ್ಟರ ಮುಂದೆ ನಿಜ ಹೇಳಿ, ಹೇಗೆ ಮುರಿಯಿತು ಎಂದು ಚೀಟಿಯಲ್ಲಿ ಬರೆಯಿಸಿಕೊಳ್ಳಿ, ಆ ಕಾಗದ ಜೋಪಾನ ಮಾಡಿ. ಇವತ್ತೇ ದೂರು ಕೊಡುವ ಧೈರ್ಯ ಬರದಿದ್ದರೂ ಆ ಕಾಗದ ಮುಂದೆ ಬೇಕಾದೀತು. ಕೌಟುಂಬಿಕ ಹಿಂಸೆಯಿಂದ ರಕ್ಷಣೆ ಕೊಡುವ 2005ರ ಕಾಯ್ದೆಯ ಪ್ರಕಾರ ನೆರವು ಕೊಡಲು ಸಂರಕ್ಷಣಾಧಿಕಾರಿ ಇರುತ್ತಾರೆ. ನಮ್ಮ ರಾಜ್ಯದಲ್ಲಿ ಅಂಗನವಾಡಿಗಳ ಮೇಲಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ಈ ಕೆಲಸ ವಹಿಸಿದ್ದಾರೆ. ಅಂಗನವಾಡಿ ಬಾಯಿಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಮಹಿಳೆಯರ ಸಹಾಯವಾಣಿ 181, ತುರ್ತಿಗೆ ಪೊಲೀಸರ ನಂಬರು 112. ಸಂಘದಲ್ಲಿ ಇಪ್ಪತ್ತು ಮಂದಿ ಇದ್ದೇವೆ, ಆಸ್ಪತ್ರೆಗೆ ಜೊತೆಗೆ ಹೋಗಲು ಇಬ್ಬರು ಸಿಗುವುದಿಲ್ಲವೇ?

ಮುರಿದಾಗ ಮೊದಲು ಏನು ಮಾಡಬೇಕು? ಉಗುರು ಬೆಚ್ಚಗಿನ ನೀರಿನಿಂದ ಬಾಯಿ ಮುಕ್ಕಳಿಸಿ. ರಕ್ತ ಬರುತ್ತಿದ್ದರೆ ಸ್ವಚ್ಛ ಅರಿವೆ ಮಡಚಿ ಹತ್ತು ನಿಮಿಷ ಒತ್ತಿ ಹಿಡಿಯಿರಿ. ಊದಿದ್ದರೆ ಕೆನ್ನೆಯ ಹೊರಗೆ ತಣ್ಣೀರ ಪಟ್ಟಿ ಇಡಿ, ಬಿಸಿ ಕಾವು ಕೊಡಬೇಡಿ. ಮುರಿದ ಚೂರು ಸಿಕ್ಕರೆ ಬಿಸಾಡದೆ ಹಾಲಿನಲ್ಲಿ ಹಾಕಿ ಒಯ್ಯಿರಿ, ಮುಂದಿನ ಹಲ್ಲಾದರೆ ಕೆಲವು ಸಲ ಅದನ್ನೇ ಅಂಟಿಸಲು ಬರುತ್ತದೆ. ನೋವಿನ ಗುಳಿಗೆಯನ್ನು ನುಂಗಬೇಕೇ ಹೊರತು ಪುಡಿ ಮಾಡಿ ಹಲ್ಲಿನ ಮೇಲೆ ಇಡಬಾರದು, ವಸಡು ಸುಡುತ್ತದೆ. ತಂಬಾಕು, ಸುಣ್ಣ, ಸೀಮೆಎಣ್ಣೆ ಯಾವುದನ್ನೂ ತುಂಬಬೇಡಿ. ಲವಂಗದ ಎಣ್ಣೆ ಸ್ವಲ್ಪ ಹೊತ್ತು ನೋವು ತಗ್ಗಿಸೀತು, ಆದರೆ ಅದು ಔಷಧವಲ್ಲ.

ಮಕ್ಕಳ ವಿಷಯ ಬೇರೆ. ಆಟದಲ್ಲಿ ಬಿದ್ದು ಮಗುವಿನ ಪಕ್ಕಾ ಹಲ್ಲು ಬೇರಿನ ಸಮೇತ ಹೊರಗೆ ಬಂದರೆ, ಅಂದರೆ ಏಳೆಂಟು ವರ್ಷದ ಮೇಲೆ ಬಂದ ಮುಂದಿನ ಹಲ್ಲು, ಅದನ್ನು ಹುಡುಕಿ. ಬಿಳಿ ಭಾಗವನ್ನಷ್ಟೇ ಹಿಡಿಯಿರಿ, ಬೇರನ್ನು ಮುಟ್ಟಬೇಡಿ, ತಿಕ್ಕಿ ತೊಳೆಯಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲಿ ಅಥವಾ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಸಾಧ್ಯವಾದರೆ ಅದೇ ಕುಳಿಯಲ್ಲಿ ಕೂಡಿಸಿ ಅರಿವೆ ಕಚ್ಚಿಸಿ, ಆಗದಿದ್ದರೆ ಹಾಲಿನ ಲೋಟದಲ್ಲಿ ಹಾಕಿ ಹಲ್ಲಿನ ಡಾಕ್ಟರ ಕಡೆ ಓಡಿ. ಅರ್ಧ ತಾಸಿನೊಳಗೆ ಮುಟ್ಟಿದರೆ ಹಲ್ಲು ಮತ್ತೆ ಕೂಡುವ ಆಸೆ ಹೆಚ್ಚು, ಹೊತ್ತಾದಂತೆ ಆಸೆ ಕಡಿಮೆ. ಹಾಲುಹಲ್ಲು ಬಿದ್ದರೆ ತಿರುಗಿ ಕೂಡಿಸಬಾರದು, ಕೆಳಗಿನ ಹಲ್ಲಿಗೆ ಪೆಟ್ಟಾಗುತ್ತದೆ.

ಹಲ್ಲು ಬರೀ ಬಿರುಕು ಬಿಟ್ಟಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಕಚ್ಚಿ ಬಿಟ್ಟ ಕೂಡಲೇ ಚುರಕ್ ಅನ್ನುವುದು ಅದರ ಗುರುತು. ಮುರಿದ ಅಂಚು ನಾಲಿಗೆಗೆ, ಕೆನ್ನೆಗೆ ಗೀರಿ ಹುಣ್ಣಾದರೆ ಅಂಚನ್ನು ನಯ ಮಾಡಿಸಿ. ಎರಡು ವಾರವಾದರೂ ಮಾಯದ ಹುಣ್ಣನ್ನು, ಅದರಲ್ಲೂ ಮಿಶ್ರಿ, ತಂಬಾಕಿನ ಚಟವಿರುವವರು, ತಡಮಾಡದೆ ತೋರಿಸಬೇಕು. ಅದು ಬಾಯಿ ಕ್ಯಾನ್ಸರಿನ ಮೊದಲ ಗುರುತೂ ಇರಬಹುದು. ಕೆನ್ನೆ ಅಥವಾ ಗದ್ದದ ಕೆಳಗೆ ಊದಿ, ಜ್ವರ ಬಂದು, ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಿ. ಆ ಕೀವು ಕುತ್ತಿಗೆಗೆ ಇಳಿದರೆ ಜೀವಕ್ಕೇ ಅಪಾಯ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಬೇಗ ಹಬ್ಬುತ್ತದೆ.

ಚಿಕಿತ್ಸೆ ಮುರಿತದ ಆಳದ ಮೇಲಿದೆ. ಅಂಚಷ್ಟೇ ಹೋಗಿದ್ದರೆ ಉಜ್ಜಿ ನಯ ಮಾಡುತ್ತಾರೆ ಅಥವಾ ಹಲ್ಲಿನ ಬಣ್ಣದ್ದೇ ಸಿಮೆಂಟು ತುಂಬುತ್ತಾರೆ, ಒಂದೇ ಸಲಕ್ಕೆ ಮುಗಿಯುತ್ತದೆ. ನರ ಬಯಲಾಗಿದ್ದರೆ ರೂಟ್ ಕೆನಾಲ್, ಅಂದರೆ ಒಳಗಿನ ಕೆಟ್ಟ ಭಾಗ ತೆಗೆದು ಸ್ವಚ್ಛ ಮಾಡಿ ತುಂಬುವುದು. ಇದಾದ ಮೇಲೆ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸಬೇಕು. ಬಹಳ ಮಂದಿ ನೋವು ನಿಂತಿತೆಂದು, ರೊಕ್ಕವೂ ಮುಗಿಯಿತೆಂದು ಕ್ಯಾಪ್ ಬಿಟ್ಟುಬಿಡುತ್ತಾರೆ. ಆ ಹಲ್ಲು ಸೊರಗಿದ್ದು, ಸೀಳಿ ಎರಡಾಗುತ್ತದೆ, ಹಾಕಿದ ರೊಕ್ಕವೆಲ್ಲ ನೀರುಪಾಲು. ಬೇರಿನವರೆಗೆ ಸೀಳಿದ್ದರೆ ಕೀಳುವುದೇ ದಾರಿ. "ಮ್ಯಾಲಿನ ಹಲ್ಲ ಕಿತ್ತರ ಕಣ್ಣು ಹೊಕ್ಕಾವು" ಅನ್ನುವುದಕ್ಕೆ ಆಧಾರವಿಲ್ಲ, ಹಲ್ಲಿನ ನರ ಬೇರೆ, ಕಣ್ಣಿನ ದೃಷ್ಟಿಯ ನರ ಬೇರೆ. ಆದರೆ ಸಂತೆಯಲ್ಲಿ ಚಾಪೆ ಹಾಸಿ ಹಲ್ಲು ಕೀಳುವವರ ಹತ್ತಿರ ಮಾತ್ರ ಹೋಗಬೇಡಿ, ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುವ ಇಕ್ಕಳದಿಂದ ಕಾಮಾಲೆಯಂಥ ರೋಗಗಳೂ ದಾಟುತ್ತವೆ. ಬಸುರಿಯರು ಹೆದರಬೇಕಿಲ್ಲ. ಡಾಕ್ಟರಿಗೆ ಮೊದಲೇ ತಿಂಗಳು ಹೇಳಿ, ನಾಲ್ಕರಿಂದ ಆರನೇ ತಿಂಗಳು ಹಲ್ಲಿನ ಕೆಲಸಕ್ಕೆ ಅನುಕೂಲ. ಅಂಗಡಿಯ ನೋವಿನ ಗುಳಿಗೆಯನ್ನು ಮಾತ್ರ ಕೇಳದೆ ನುಂಗಬೇಡಿ.

ಎಲ್ಲಿ ಹೋಗಬೇಕು ಅನ್ನುವುದು ನಿಮ್ಮ ದೊಡ್ಡ ಪ್ರಶ್ನೆ. ತಾಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ದಂತ ವೈದ್ಯರು ಯಾವ ದಿನ ಇರುತ್ತಾರೆಂದು ಆಶಾ ಕಾರ್ಯಕರ್ತೆಯಿಂದ ತಿಳಿದುಕೊಳ್ಳಿ. ದೊಡ್ಡ ಕೆಲಸಕ್ಕೆ ಸಾಂಗಲಿಯಲ್ಲೂ ಬೆಳಗಾವಿಯಲ್ಲೂ ದಂತ ಕಾಲೇಜುಗಳಿವೆ. ಅಲ್ಲಿ ಕಲಿಯುವ ಡಾಕ್ಟರುಗಳು ಗುರುಗಳ ಕಣ್ಣೆದುರೇ ಚಿಕಿತ್ಸೆ ಮಾಡುತ್ತಾರೆ, ಹೊತ್ತು ಹೆಚ್ಚು ಹಿಡಿದರೂ ಖರ್ಚು ಸಾಮಾನ್ಯವಾಗಿ ಖಾಸಗಿಗಿಂತ ಕಡಿಮೆ. ಉಗಾರ ಅಥವಾ ಶೇಡಬಾಳದಲ್ಲಿ ರೈಲು ಹತ್ತಿದರೆ ಮಿರಜ ದೂರವಿಲ್ಲ, ಅಲ್ಲಿಂದ ಸಾಂಗಲಿ ಪಕ್ಕದಲ್ಲೇ. ಆದರೆ ಅದು ಬೇರೆ ರಾಜ್ಯ, ನಮ್ಮ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಹೋಗುವ ಮೊದಲೇ ಕೇಳಿಕೊಳ್ಳಿ, ಹೋದ ಮೇಲೆ ಅಲ್ಲ.

ರೊಕ್ಕದ ಮಾತು. ನಮ್ಮ ಸಂಘಗಳಲ್ಲಿ ಮದುವೆಗೆ, ಎಮ್ಮೆಗೆ, ಗೊಬ್ಬರಕ್ಕೆ ಸಾಲ ಕೊಡುತ್ತೇವೆ. ಹಲ್ಲಿಗೆ ಸಾಲ ಕೇಳಿದರೆ ಸದಸ್ಯೆಯರೇ ನಗುತ್ತಾರೆ, ಅದಕ್ಕೇ ಯಾರೂ ಕೇಳುವುದಿಲ್ಲ. ಹಲ್ಲು ಮುರಿದ ವಾರದಲ್ಲಿ ಸಣ್ಣ ಸಾಲ ಸಾಕು, ಕೆನ್ನೆ ಊದಿದ ಮೇಲೆ ಸಾವಿರಾರು ರೂಪಾಯಿ ಬೇಕು. ಮುಂದಿನ ವಾರದ ಸಭೆಯಲ್ಲಿ ಪ್ರತಿಯೊಂದು ಸಂಘವೂ ಈ ವಿಷಯವನ್ನು ನಡಾವಳಿಗೆ ತೆಗೆದುಕೊಂಡು, ತುರ್ತು ಚಿಕಿತ್ಸೆಗೆ ಎಷ್ಟು ಸಾಲ, ಎಷ್ಟು ಕಂತು ಎಂದು ಠರಾವು ಬರೆಯಿರಿ. ಮುರಿದ ಹಲ್ಲು ಇಟ್ಟುಕೊಂಡೇ ಇವತ್ತು ಇಲ್ಲಿ ಕುಳಿತವರು ಕೈ ಎತ್ತಬೇಕಿಲ್ಲ, ಸಭೆ ಮುಗಿದ ಮೇಲೆ ನಿಮ್ಮ ಪ್ರತಿನಿಧಿಯ ಹತ್ತಿರ ಹೆಸರು ಬರೆಸಿ. ನಾಲ್ಕೈದು ಮಂದಿ ಆದರೆ ಒಂದೇ ದಿನ ಎಲ್ಲರೂ ಕೂಡಿ ಹೋಗಿ ಬರೋಣ.