ನಾಣ್ಯದ ಮೇಲಿನ ಅಕ್ಷರ



ಹೊಲ ಉಳುವಾಗ, ಮನೆಗೆ ಪಾಯ ತೆಗೆಯುವಾಗ ಒಮ್ಮೊಮ್ಮೆ ಹಳೆಯ ನಾಣ್ಯ ಸಿಗುತ್ತದೆ. ಆಗ ನಾವು ಏನು ಮಾಡ್ತೀವಿ? ಹುಣಿಸೆಹಣ್ಣು ಹಚ್ಚಿ ತಿಕ್ಕುತ್ತೇವೆ. ಚಿನ್ನದ್ದಾದರೆ ಗುಟ್ಟಾಗಿ ಕರಗಿಸುತ್ತೇವೆ. ಕಿವಿಗೆ ಓಲೆ ಬರುತ್ತದೆ, ನಿಜ. ಆದರೆ ನಾಣ್ಯದ ಮೇಲಿನ ಅಕ್ಷರ ಅಳಿಸಿಹೋಗುತ್ತದೆ.

ಹೊಯ್ಸಳ ದೊರೆ ವಿಷ್ಣುವರ್ಧನ ಸುಮಾರು 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದ. ಆಮೇಲೆ ಚಿನ್ನದ ನಾಣ್ಯ ಹೊರಡಿಸಿದ. ಅದರ ಮೇಲೆ ‘ಶ್ರೀ ತಲಕಾಡುಗೊಂಡ’ ಎಂದು ಬರೆಸಿದ. ‘ಗೊಂಡ’ ಅಂದರೆ ಗೆದ್ದುಕೊಂಡವನು. ಆಗಿನ ಅಕ್ಷರದ ರೂಪ ಸ್ವಲ್ಪ ಬೇರೆ. ಭಾಷೆ ಮಾತ್ರ ನಮ್ಮ ಕನ್ನಡವೇ! ಅಷ್ಟು ಚಿಕ್ಕ ನಾಣ್ಯದಲ್ಲಿ ಒಂದು ಯುದ್ಧದ ಕಥೆ ಇದೆ. ಕರಗಿಸಿದರೆ ಆ ಕಥೆಯನ್ನು ಯಾರು ಹೇಳಬೇಕು?

ನಮ್ಮ ರಾಜ್ಯದಲ್ಲಿ 1962ರ ನಿಧಿ ಕಾನೂನು ಇದೆ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮುಚ್ಚಿಟ್ಟರೆ ತಪ್ಪು.

ಆದ್ದರಿಂದ ನಾಣ್ಯ ಸಿಕ್ಕರೆ ತಿಕ್ಕೋದು ಬೇಡ, ಕರಗಿಸೋದು ಬೇಡ. ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು ಎಂದು ಬರೆದಿಡೋಣ. ಅರ್ಜಿ ಕೊಡೋಣ. ನಾಣ್ಯ ಒಪ್ಪಿಸಿದ್ದಕ್ಕೆ ರಸೀದಿ ಕೇಳೋಣ. ಓದಿ ನೋಡಿ, ಜೋಪಾನ ಮಾಡೋಣ.

ಅರ್ಜಿ ಬರೆಸಲು ಇನ್ನು ಯಾರ ಮನೆಗೆ ಹೋಗಬೇಕು? ನಮಗೇ ಬರುತ್ತದಲ್ಲ!